ಸಾಯಾ ಅಂದರೆ ಕೆನೆ

ಮೊನ್ನೆ ಊರಿನಿಂದ ಬಂದ ನನ್ನ ತಮ್ಮ ಒಂದು ಒಣದ್ರಾಕ್ಷಿಯ ಪೊಟ್ಟಣ ತಂದುಕೊಟ್ಟ. ಬಾಯಿಗೆ ಕಟ್ಟಿದ್ದ ಸುತಳಿ ಬಿಚ್ಚಿದ ಕೂಡಲೇ ಅಡುಗೆಮನೆಯ ತುಂಬ ಗಂಧಕದ ವಾಸನೆ ಹರಡಿತು. ಅಂಗಡಿಯ ದ್ರಾಕ್ಷಿಯಲ್ಲಿ ಈ ವಾಸನೆ ಇರುವುದಿಲ್ಲ. ಹಳದಿ ಬಣ್ಣ ಬರಲೆಂದು ಶೆಡ್ಡಿನಲ್ಲಿ ಗಂಧಕದ ಹೊಗೆ ಕೊಟ್ಟು, ಅದು ಪೂರ್ತಿ ಗಾಳಿಯಾಡುವ ಮೊದಲೇ ಮನೆಯ ಮಂದಿಗೆಂದು ತೆಗೆದಿಟ್ಟ ಮಾಲಿನಲ್ಲಿ ಮಾತ್ರ ಇರುತ್ತದೆ. ಬೆಂಕಿಕಡ್ಡಿ ಗೀರಿ ಆರಿಸಿದ ಹಾಗೆ ಮೂಗಿಗೆ ಚುರ್ ಎನ್ನುವ ವಾಸನೆ...

‘ಎದುರುಮನಿ ಕಾಕಾ ಕೊಟ್ಟ. ನಿನಗಂತ ಬ್ಯಾರೆ ತಗದಿಟ್ಟಿದ್ನಂತ’ ಎಂದ ತಮ್ಮ.

ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಹಲ್ಲಿಗೆ ತೊಟ್ಟಿನ ಕಡ್ಡಿ ಸಿಕ್ಕಿತು. ಕಾಕಾನ ಹೆಂಡತಿ ಕಾಕು ಇದ್ದಾಗ ಆ ಮನೆಯ ದ್ರಾಕ್ಷಿಯಲ್ಲಿ ಕಡ್ಡಿ ಸಿಕ್ಕದ್ದು ನನಗೆ ನೆನಪಿಲ್ಲ. ನೆನಪಿಲ್ಲ ಎಂದರೆ ಸಿಕ್ಕಿರಲಿಲ್ಲ ಎಂದು ಅರ್ಥವಲ್ಲ. ಇಷ್ಟು ಸಣ್ಣ ಮಾತನ್ನು ನನಗೆ ಕಲಿಸಲು ವಿಶ್ವವಿದ್ಯಾಲಯಕ್ಕೆ ಆರು ವರ್ಷ ಬೇಕಾದವು. ನಾನು ಇತಿಹಾಸದ ವಿದ್ಯಾರ್ಥಿ. ಒಬ್ಬನೇ ಸಾಕ್ಷಿ ಹೇಳಿದ್ದನ್ನು ನಂಬಬಾರದು ಎಂದು ಈಗ ಬೇರೆಯವರಿಗೆ ಪಾಠ ಹೇಳಿ ಹೊಟ್ಟೆ ಹೊರೆಯುವವನು. ಕಾಕುವಿನ ವಿಷಯದಲ್ಲಿ ಆ ಒಬ್ಬನೇ ಸಾಕ್ಷಿ ನಾನೇ ಆಗಿರುವುದರಿಂದ, ಇದನ್ನು ಬರೆಯಲು ಇಷ್ಟು ವರ್ಷ ಕೈ ಬಂದಿರಲಿಲ್ಲ.

ನಮ್ಮ ತೋಟ ಅಥಣಿಯಿಂದ ಅನಂತಪುರದ ಕಡೆ ಹೋಗುವ ಹಾದಿಯಲ್ಲಿದೆ. ದಾರಿಯ ಆಚೆ ಬದಿಗೆ ಕಾಕು, ಕಾಕಾ ಅವರ ದ್ರಾಕ್ಷಿತೋಟ, ಅದಕ್ಕೆ ಹೊಂದಿಕೊಂಡು ಮನೆ, ಹಿಂದೆ ಒಣದ್ರಾಕ್ಷಿ ಮಾಡುವ ಶೆಡ್ಡು. ನಮಗೆ ಅವರು ಸಂಬಂಧಿಕರೇನಲ್ಲ. ಆದರೆ ನಮ್ಮ ಮನೆಯಲ್ಲಿ ಸಾಸಿವೆ ಮುಗಿದರೆ ಅವ್ವ ಮೊದಲು ನೋಡುತ್ತಿದ್ದದ್ದು ದಾರಿಯ ಆಚೆಗೇ. ಕಾಕು ಮಿರಜದ ಕಡೆಯ ಹೆಣ್ಣುಮಗಳು. ಏಳನೆಯ ಇಯತ್ತೆಯವರೆಗೆ ಮರಾಠಿ ಶಾಲೆಯಲ್ಲಿ ಕಲಿತು ನಮ್ಮೂರಿಗೆ ಸೊಸೆಯಾಗಿ ಬಂದವಳು. ಸಣ್ಣ ದೇಹ, ದೊಡ್ಡ ದನಿ. ನಗುವಾಗ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸವಿತ್ತು, ಆದರೂ ಆ ನಗೆ ನಮ್ಮ ಬಾವಿಯವರೆಗೆ ಕೇಳಿಸುತ್ತಿತ್ತು.

ಕಾಕು ಮತ್ತು ಕಾಕಾ ಒಬ್ಬರೊಂದಿಗೊಬ್ಬರು ಮಾತಾಡುತ್ತಿರಲಿಲ್ಲ. ಒಂದೇ ಮನೆ, ಒಂದೇ ಒಲೆ, ಒಂದೇ ತೋಟ. ಮಾತು ಮಾತ್ರ ಇಲ್ಲ. ಎಂಟು ವರ್ಷದಿಂದ ಹಾಗೆಯೇ ನಡೆದಿತ್ತು. ಅಂಥ ಮನೆಗಳಲ್ಲಿ ಮಂದಿ ಗೋಡೆಗೋ ಕೋಳಿಗೋ ಹೇಳಿ ಕೆಲಸ ಸಾಗಿಸುತ್ತಾರೆ. ಇವರ ಮನೆಯಲ್ಲಿ ಆ ಕೆಲಸಕ್ಕೆ ಪಡಸಾಲೆಯ ಕಬ್ಬಿಣದ ಕಂಬವಿತ್ತು. ‘ಕಂಬಪ್ಪಾ, ರೊಟ್ಟಿ ಆಗ್ಯಾವು’ ಎನ್ನುತ್ತಿದ್ದಳು ಕಾಕು. ‘ಕಂಬಾ, ಇವತ್ತ ಹಸಿವಿಲ್ಲ’ ಎನ್ನುತ್ತಿದ್ದ ಕಾಕಾ. ‘ಕಂಬಪ್ಪಾ, ಹಸಿವಿಲ್ಲದಾವ್ರು ಹೊತ್ತಾರೆ ಎದ್ದು ನಾಕ ರೊಟ್ಟಿ ಕದ್ದು ತಿಂದ್ರ ಹಸಿವು ಎಲ್ಲಿಂದ ಬರಬೇಕು?’ ಬೀಗರು ಬಂದಾಗಲೂ ಇದು ನಡೆಯುತ್ತಿತ್ತು. ಬೀಗರು ಕಂಬದ ಕಡೆಗೂ ಕೈ ಮುಗಿದು ಹೋಗುತ್ತಿದ್ದರೆಂದು ಊರವರು ನಗೆಯಾಡುತ್ತಿದ್ದರು. ಯಾಕೆ ಮಾತು ಬಿಟ್ಟರು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಕೇಳಬೇಕು ಎಂದೂ ಅನ್ನಿಸಿರಲಿಲ್ಲ. ವರ್ಷಗಟ್ಟಲೆ ದಿನಾ ಕಂಡದ್ದರ ಕಾರಣವನ್ನು ಯಾರು ಕೇಳುತ್ತಾರೆ?

ನಾನು ಎಂ.ಎ. ಕೊನೆಯ ಪರೀಕ್ಷೆಗೆ ಓದಲು ರಜೆಯಲ್ಲಿ ಊರಿಗೆ ಬಂದ ಆ ಬೇಸಿಗೆಯಲ್ಲಿ ಎಲ್ಲರ ಬಾಯಲ್ಲಿ ಒಂದೇ ಜೋಡಿ. ಹಿಂದಿ ಧಾರಾವಾಹಿಯೊಂದರ ಜೋಡಿ. ಅದರ ಹೆಸರು ಯಾರಿಗೂ ನೆಟ್ಟಗೆ ಬರುತ್ತಿರಲಿಲ್ಲ. ‘ದೆವ್ವದ್ದು’ ಎಂದರೆ ಸಾಕಿತ್ತು. ಮದುವೆಯ ಹಿಂದಿನ ದಿನ ಸತ್ತ ಹುಡುಗಿ ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಮರಳಿ ಬರುತ್ತಾಳೆ. ಮದುಮಗನಾಗಬೇಕಿದ್ದವನಿಗೆ ಮಾತ್ರ ಕಾಣುತ್ತಾಳೆ. ಅವಳನ್ನು ಓಡಿಸಲು ಅವನ ತಾಯಿ ಮಂತ್ರವಾದಿಗಳನ್ನು ಕರೆಸುತ್ತಲೇ ಇರುತ್ತಾಳೆ. ಕಥೆ ಇಷ್ಟೇ. ಆದರೆ ಆ ಇಬ್ಬರು ಒಬ್ಬರನ್ನೊಬ್ಬರು ನೋಡುವ ರೀತಿಗೆ ನಮ್ಮ ಸೀಮೆಯೆಲ್ಲ ಮರುಳಾಗಿತ್ತು. ಅಥಣಿಯ ಫೋಟೋ ಸ್ಟುಡಿಯೋದಲ್ಲಿ ಹೊಸ ಮದುಮಕ್ಕಳೆಲ್ಲ ಅವರ ಹಾಗೆಯೇ ನಿಲ್ಲುತ್ತಿದ್ದರು: ಮುಂದೆ ಅವನು, ಹಿಂದೆ ಅವಳು, ಅವನ ಹೆಗಲ ಮೇಲೆ ಅವಳ ಗದ್ದ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಅವರ ಚಿತ್ರ. ನಿಪ್ಪಾಣಿಯ ಸೀರೆ ಅಂಗಡಿಯಲ್ಲಿ ಅವಳುಟ್ಟ ತೆಳು ನೀಲಿ ಸೀರೆಗೆ ಹೆಣ್ಣುಮಕ್ಕಳ ಸಾಲು. ‘ಸತ್ತಾಕಿ ಸೀರಿ ಉಟ್ಕೊಂಡು ಮದುವಿಗೆ ಹೊಂಟಾರ’ ಎಂದು ಅವ್ವ ಬೈಯುತ್ತಿದ್ದಳು. ಬೈದು, ತಾನೂ ಒಂದು ತರಿಸಿಕೊಂಡಳು.

ಕಾಕುವಿನ ಶೆಡ್ಡಿನಲ್ಲಿ ಒಣಗಿದ ದ್ರಾಕ್ಷಿಯ ಕಡ್ಡಿ ತೆಗೆದು, ಹಳದಿ, ಹಸಿರು, ಕಪ್ಪು ಬೇರೆ ಬೇರೆ ಮಾಡಲು ಎಂಟೊಂಬತ್ತು ಹೆಣ್ಣುಮಕ್ಕಳು ಬರುತ್ತಿದ್ದರು. ಅವರ ವಸ್ತಿಯಲ್ಲಿ ಸಂಜೆ ಕರೆಂಟು ಇರುತ್ತಿರಲಿಲ್ಲ. ದಾರಿಬದಿಯ ಕಾಕುವಿನ ಮನೆಯಲ್ಲಿ ಇರುತ್ತಿತ್ತು. ಹೀಗಾಗಿ ಸಂಜೆ ಕಾಕು ನೋಡುವುದು, ಮರುದಿನ ಮಧ್ಯಾಹ್ನ ಬುತ್ತಿ ಉಂಡಮೇಲೆ ಅವರಿಗೆ ಹೇಳುವುದು. ನಾನು ಪುಸ್ತಕ ಹಿಡಿದು ಶೆಡ್ಡಿನ ತಂಪಿಗೆ ಹೋಗಿ ಕೂರುತ್ತಿದ್ದೆ. ಓದಲಿಕ್ಕೆಂದು ಹೇಳಿಕೊಳ್ಳುತ್ತಿದ್ದೆ.

ಕಾಕಾ ಟಿವಿ ನೋಡುತ್ತಿರಲಿಲ್ಲ. ಆ ಹೊತ್ತಿಗೆ ಎದ್ದು ಹೊರಗೆ ಬೇವಿನ ಗಿಡದ ಕೆಳಗೆ ಹೋಗಿ ಕೂರುತ್ತಿದ್ದ. ಆದರೆ ಮರುದಿನ ಮಧ್ಯಾಹ್ನ ಶೆಡ್ಡಿನ ಬಾಯಲ್ಲಿ, ನಮಗೆ ಬೆನ್ನು ಮಾಡಿ, ದ್ರಾಕ್ಷಿ ಹರವುವ ಹರಿದ ಜಾಳಿಗೆಯನ್ನು ಹೊಲಿಯುತ್ತ ಕೂತಿರುತ್ತಿದ್ದ. ದಿನಾ ಅದೇ ಜಾಳಿಗೆ. ನಾನು ಅದನ್ನು ನೋಡಿದ್ದೆ, ಗಮನಿಸಿರಲಿಲ್ಲ.

ಕಾಕು ಹೇಳುವುದನ್ನು ಕೇಳಬೇಕಿತ್ತು. ಕೈ ದ್ರಾಕ್ಷಿಯಲ್ಲಿ, ಕಣ್ಣು ಎಲ್ಲೋ ದೂರದಲ್ಲಿ.

‘ಆಕಿ ಬಂದ್ಲು. ಎಲ್ಲಿಂದ ಬಂದ್ಲು? ಬಾಗಲದಿಂದಲ್ಲ, ಕಿಡಕಿಯಿಂದಲ್ಲ. ಅಂವ ಇಡೀ ದಿವಸ ಕೊತಕೊತ ಕುದ್ದಿದ್ದ. ಅವ್ವನ ಮ್ಯಾಲ ಸಿಟ್ಟು, ದೇವರ ಮ್ಯಾಲ ಸಿಟ್ಟು. ಹಾಲು ಕುದಿಯೂಮುಂದ ಕೆನಿ ಹುಡುಕಿದ್ರ ಸಿಗತೈತೇನ? ಸಂಜೀಕ ಒಬ್ಬನ ಸುಮ್ನ ಕುಂತ. ಅಂವ ಯಾವಾಗ ತಣ್ಣಗಾದ್ನೋ, ಆವಾಗ ಆಕಿ ತಾನ ಮ್ಯಾಲ ಬಂದ್ಲು. “ಯಾರು ನೀ?” ಅಂದ. ಆಕಿ ಅಂದ್ಲು, “ಮೈ ತುಮ್ಹಾರಾ ಸಾಯಾ”. ನಾ ನಿನ್ನ ಕೆನಿ ಅದೀನಿ ಅಂತ.’

ಕಾಕು ಇನ್ನೊಂದು ದ್ರಾಕ್ಷಿಯ ಕಡ್ಡಿ ಕಿತ್ತು ಮುಂದುವರಿಸಿದಳು.

‘ಹೊರಗಿನ ದೆವ್ವ ಅಲ್ಲವಾ ಆಕಿ. ಅವನೊಳಗಿನಾಕೀನ. ಹಾಲಿನೊಳಗಿದ್ದದ್ದ ಮ್ಯಾಲ ಬಂದು ಕುಂದರತೈತಿ. ಕೈ ಹಾಕಿ ಕಲಿಸಿದ್ರ ಹೋತು... ಒಡದ ಹೋಗತೈತಿ.’

‘ಯವ್ವಾ ಯವ್ವಾ’ ಎಂದು ತಲೆದೂಗಿದಳು ಎರಡೇ ಹಲ್ಲು ಉಳಿದಿದ್ದ ಮುದುಕಿ. ಅವಳನ್ನು ಎಲ್ಲರೂ ಹಲ್ಲಿನ ಆಯಿ ಎಂದೇ ಕರೆಯುತ್ತಿದ್ದರು. ‘ನಮ್ಮಾಂವ ಹುಟ್ಟಾ ನೀರ ಹಾಲು ಬೇ. ನಲವತ್ತ ವರ್ಷ ಕಾಸೀನಿ, ಒಂದ ಚಮಚೆ ಕೆನಿ ಬರಲಿಲ್ಲ.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ನಗೆ ಬೇರೆಯದಕ್ಕೆ. ಮರಾಠಿಯಲ್ಲಿ ಹಾಲಿನ ಕೆನೆಗೆ ‘ಸಾಯ’ ಎನ್ನುತ್ತಾರೆ. ಹಿಂದಿಯ ‘ಸಾಯಾ’ ಬೇರೆ, ಅದು ನೆರಳು. ಮಿರಜದ ಹೆಣ್ಣುಮಗಳು ಹಿಂದಿಯ ಮಾತನ್ನು ಮರಾಠಿಯ ಕಿವಿಯಿಂದ ಕೇಳಿ, ಕನ್ನಡದಲ್ಲಿ ಒಂದು ಪುರಾಣವನ್ನೇ ಕಟ್ಟಿಬಿಟ್ಟಿದ್ದಳು. ಇಪ್ಪತ್ತೆರಡು ವಯಸ್ಸಿನವನಿಗೆ ಇಂಥದ್ದೊಂದು ಸಿಕ್ಕರೆ ಸುಮ್ಮನಿರಲು ಆಗುತ್ತದೆಯೇ?

‘ಕಾಕು, ಅದು ಕೆನಿ ಅಲ್ಲ. ಹಿಂದಿಯೊಳಗ ಸಾಯಾ ಅಂದ್ರ ನೆಳ್ಳು. ನೀ ಮರಾಠಿ ಸಾಯ ಅಂತ ತಿಳಕೊಂಡಿ. ನಾ ನಿನ್ನ ನೆಳ್ಳು ಅಂದಾಳ ಆಕಿ, ಅಷ್ಟ.’

ಕಾಕುವಿನ ಕೈ ನಿಂತಿತು. ನನ್ನನ್ನು ನೋಡಲಿಲ್ಲ, ಶೆಡ್ಡಿನ ಬಾಯಿಯ ಕಡೆ ನೋಡಿದಳು. ಅಲ್ಲಿ ಕಾಕಾನ ಸೂಜಿಯೂ ನಿಂತಿತ್ತು ಎಂದು ಈಗ ಅನ್ನಿಸುತ್ತದೆ... ಆಗ ಕಂಡಿದ್ದೇನೋ, ಆಮೇಲೆ ಸೇರಿಸಿಕೊಂಡಿದ್ದೇನೋ.

‘ಹೌದೇನೋ ತಮ್ಮಾ? ನೆಳ್ಳಾ?’ ಎಂದಳು. ಕೈಯಲ್ಲಿದ್ದ ದ್ರಾಕ್ಷಿಯನ್ನು ತಟ್ಟೆಗೆ ಹಾಕಿ, ‘ಹಂಗಾರ ಮುಗೀತ ಬಿಡು. ಓದಿದಾವ್ರು ಹೇಳಿದ್ಮ್ಯಾಲ ನಮ್ಮದೇನೈತಿ.’

ಅಂದು ಮುಂದೆ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ‘ನಿನ್ನೆ ನೋಡಲಿಲ್ರೀ’ ಎಂದಳು. ಮೂರನೆಯ ದಿನ ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ದ್ರಾಕ್ಷಿ ಮರದ ತಟ್ಟೆಗೆ ಬೀಳುವ ಟಪಟಪ ಸಪ್ಪಳವೊಂದೇ. ನಾನು ಪುಸ್ತಕದ ಒಂದೇ ಪುಟವನ್ನು ನೋಡುತ್ತ ಕೂತೆ. ಹಲ್ಲಿನ ಆಯಿ ಮಾತ್ರ ಏಳುವಾಗ ನನ್ನ ಮುಂದೆ ನಿಂತು, ‘ಸಾಲಿ ಕಲತ್ರ ಮಂದೀಗಿ ನಾಕ ಮಾತು ಬರತಾವಂತಿದ್ರು. ನೀ ಇದ್ದ ಮಾತೂ ಕಸಗೊಂಡೆಲ್ಲೋ ಭಾಡ್ಯಾ’ ಎಂದಳು.

ನಾಲ್ಕನೆಯ ದಿನ ಅವ್ವ ರೊಟ್ಟಿ ಬಡಿಯುತ್ತ ಕೇಳಿದಳು: ‘ಏನಂದಿ ನೀ ಆಕಿಗೆ? ಮೂರ ದಿವಸಾತು, ಆ ಮನ್ಯಾಗ ಕಂಬದ ಕೂಡಾನೂ ಮಾತಿಲ್ಲ.’

ಹೇಳಿದೆ. ಒಂದು ಶಬ್ದದ ಅರ್ಥ ತಿದ್ದಿದೆ, ಅಷ್ಟೇ ಎಂದೆ.

ಅವ್ವನ ಕೈ ಹಿಟ್ಟಿನಲ್ಲೇ ಉಳಿಯಿತು. ‘ನಿನ್ನ ಎಂ.ಎ.ಗೆ ಬೆಂಕಿ ಹಚ್ಚಲಿ. ಆಕಿ ಯಾರಿಗೆ ಹೇಳತಿದ್ಲಂತ ತಿಳೀಲಿಲ್ಲೇನ ನಿನಗ? ಆ ಹೆಂಗಸ್ರಿಗಾ?’

ಆಗ ಅವ್ವ ಹೇಳಿದ್ದು ಇದು. ಕಾಕುವಿಗೆ ತವರಿನವರು ಒಂದು ಎಮ್ಮೆ ಕೊಟ್ಟಿದ್ದರು. ಅದರ ಹಾಲಿಗೆ ಬೆರಳು ದಪ್ಪ ಕೆನೆ. ತಂಗಿಯ ಬಾಣಂತನಕ್ಕೆಂದು ಕಾಕು ಮಿರಜಕ್ಕೆ ಹೋಗಿದ್ದಾಗ ಕಾಕಾ ಅದನ್ನು ಸಂತೆಗೆ ಹೊಡೆದು ಮಾರಿ, ಆ ದುಡ್ಡಿನಲ್ಲಿ ದ್ರಾಕ್ಷಿ ಬಳ್ಳಿ ಹಬ್ಬಿಸಲು ಕಬ್ಬಿಣದ ಕಂಬ ತಂದ. ಒಂದು ಮಾತು ಕೇಳಿರಲಿಲ್ಲ. ಕಾಕು ತಿರುಗಿ ಬಂದು ಖಾಲಿ ಗೂಟ ನೋಡಿದಳು, ಅಂಗಳದಲ್ಲಿ ಬಿದ್ದಿದ್ದ ಕಂಬಗಳನ್ನು ನೋಡಿದಳು. ಅವುಗಳಲ್ಲಿ ಒಂದನ್ನು ಆಗಲೇ ಪಡಸಾಲೆಯ ಮಾಡಿಗೆ ಆಸರೆಯಾಗಿ ನಿಲ್ಲಿಸಿದ್ದರು. ‘ಎಮ್ಮಿ ಕೊಟ್ಟು ಕಂಬ ತಂದಾರ. ಇನ್ನ ಕಂಬದ ಕೂಡನ ಮಾತು’ ಎಂದಳಂತೆ. ಅದೇ ಕೊನೆ.

‘ಎಂಟ ವರ್ಷ ಕುದ್ದಾಳಪಾ ಆಕಿ’ ಎಂದಳು ಅವ್ವ. ‘ಈಗ ಎಲ್ಲೋ ದೆವ್ವದ ನೆಪ ಮಾಡಿ, ಕೆನಿ, ಹಾಲು ಅಂತ ಒಂದ ಮಾತು ಆ ಕಡೆ ಒಗೀತಿದ್ಲು. ಅಂವಾ ಬೆನ್ನ ಮಾಡಿ ಕುಂತು ಆಯ್ಕೋತಿದ್ದ. ನೀ ಹೋಗಿ ನೆಳ್ಳಂದಿ.’

ದಿನಾ ಅದೇ ಹರಿದ ಜಾಳಿಗೆ ಯಾಕೆ ಹೊಲಿಗೆಗೆ ಬರುತ್ತಿತ್ತು ಎಂಬುದು ಆಗ ತಿಳಿಯಿತು. ಹೊಲಿದದ್ದನ್ನು ಅವನೇ ಬಿಚ್ಚುತ್ತಿದ್ದಿರಬೇಕು.

ಮಧ್ಯಾಹ್ನ ಶೆಡ್ಡಿಗೆ ಹೋದೆ. ಎಲ್ಲರೂ ಇದ್ದರು. ನನ್ನ ತಮ್ಮ ದ್ರಾಕ್ಷಿಯ ಕ್ರೇಟು ಇಳಿಸುತ್ತಿದ್ದ. ಕಾಕಾ ಶೆಡ್ಡಿನ ಬಾಯಲ್ಲಿ, ಬೆನ್ನು ಮಾಡಿ. ನಾನು ನಿಂತುಕೊಂಡೇ, ‘ಕಾಕು, ನಾ ತಪ್ಪು ಹೇಳಿದ್ದೆ. ಶಬ್ದಕೋಶ ತಗದು ನೋಡಿದೆ. ಸಾಯಾ ಅಂದ್ರ ಹಿಂದಿಯೊಳಗೂ ಕೆನಿ ಅಂತ ಐತಿ’ ಎಂದೆ.

‘ಸುಳ್ಳ ಹೇಳಬ್ಯಾಡ ತಮ್ಮಾ’ ಎಂದಳು ಕಾಕು ಮೆಲ್ಲಗೆ. ‘ನಿನಗ ಬರಂಗಿಲ್ಲ ಅದು.’

ಆಗ ನಡೆದದ್ದನ್ನು ನಾನು ಹದಿನೈದು ವರ್ಷ ತಲೆಯಲ್ಲಿ ತಿರುವಿ ಹಾಕಿದ್ದೇನೆ. ಶೆಡ್ಡಿನ ಬಾಯಿಂದ ಒಂದು ದನಿ ಬಂತು. ಬೆನ್ನು ತಿರುಗಿರಲಿಲ್ಲ. ಕಂಬ ಅಲ್ಲಿರಲಿಲ್ಲ, ಅದು ಪಡಸಾಲೆಯಲ್ಲಿತ್ತು.

‘ಸಾಯಾ ಅಂದ್ರ ಕೆನೀನ. ಮುಂದ ಏನಾತು ಹೇಳು.’

ಹೇಳು ಎಂದ. ಹೇಳಪ್ಪಾ ಅಲ್ಲ, ಹೇಳ್ರಿ ಅಲ್ಲ. ಗಂಡ ಹೆಂಡತಿಗೆ ಹೇಳುವ ಹಾಗೆ, ‘ಹೇಳು’.

ಹಲ್ಲಿನ ಆಯಿಯ ಅಂಗೈಯಲ್ಲಿದ್ದ ದ್ರಾಕ್ಷಿ ಅಲ್ಲೇ ಉಳಿಯಿತು. ಹೊರಗೆ ಬಿಸಿಲು, ಒಳಗೆ ಗಂಧಕದ ವಾಸನೆ. ನನಗೆ ದೆವ್ವ, ದೇವರು ಯಾವುದರಲ್ಲೂ ನಂಬಿಕೆ ಇಲ್ಲ. ಆದರೆ ಆ ಹೊತ್ತಿನಲ್ಲಿ, ಇಲ್ಲದ್ದೊಂದು ಎಲ್ಲರ ಕಣ್ಣೆದುರು ಮೂಡುವುದನ್ನು ಕಂಡೆ.

ಕಾಕು ಒಂದು ದ್ರಾಕ್ಷಿಯ ಕಡ್ಡಿ ಕಿತ್ತಳು. ಇನ್ನೊಂದರದ್ದು ಕಿತ್ತಳು. ‘ಮುಂದೇನಾಗತೈತಿ?’ ಎಂದಳು. ‘ಅಂವಗ ಇಷ್ಟ ದಿವಸಕ್ಕ ತಿಳೀತು. ಕೇಳಲಾರದ ಮಾಡಿದ್ದು ತಪ್ಪಾತು ಅಂದ. ಆಕಿ... ಆಕಿ ಏನೂ ಅನ್ನಲಿಲ್ಲ. ಸುಮ್ನ ಬಂದು ಬಾಜೂಕ ಕುಂತ್ಲು.’

‘ತಪ್ಪಾತು ಅಂದ್ನೇನ ಅಂವ?’ ಎಂದು ಕೇಳಿದಳು ಹಲ್ಲಿನ ಆಯಿ, ಬೇಕೆಂದೇ ಗಟ್ಟಿಯಾಗಿ, ಬಾಗಿಲ ಕಡೆ ಮುಖ ಮಾಡಿ.

‘ಅಂದ’ ಎಂದ ಕಾಕಾ.

ನನಗೆ ನೆನಪಿರುವುದು ಹೀಗೆ. ಆದರೆ ಕ್ರೇಟು ಇಳಿಸುತ್ತಿದ್ದ ನನ್ನ ತಮ್ಮ ಇದನ್ನು ಒಪ್ಪುವುದಿಲ್ಲ. ‘ಕಾಕಾ ಅಂದು “ಚಾ ಆತೇನ” ಅಂದ, ಅಷ್ಟ. ಉಳಿದಿದ್ದೆಲ್ಲಾ ನೀ ಪುಸ್ತಕ ಓದಿ ಓದಿ ಹುಟ್ಟಿಸಿದ್ದು’ ಎನ್ನುತ್ತಾನೆ. ಇರಬಹುದು. ಕೆಲವು ವರ್ಷಗಳ ಹಿಂದೆ ಆ ಧಾರಾವಾಹಿಯ ಹಳೆಯ ಕಂತುಗಳು ಮೊಬೈಲಿನಲ್ಲಿ ಸಿಕ್ಕವು. ರಜೆಯಲ್ಲಿ ಕೂತು ಹುಡುಕಿದೆ. ಅವನು ಸಂಜೆ ಒಬ್ಬನೇ ಕೂತಿರುವ ಕಂತು ಸಿಕ್ಕಿತು. ಅವಳು ಬರುತ್ತಾಳೆ, ಹಿಂದೆ ನಿಲ್ಲುತ್ತಾಳೆ, ಹೆಗಲ ಮೇಲೆ ಗದ್ದ ಇಡುತ್ತಾಳೆ. ಬಾಯಿಯನ್ನೇ ತೆರೆಯುವುದಿಲ್ಲ. ಬರೀ ಸಂಗೀತ. ಸಾಯಾ ಎಂಬ ಮಾತೇ ಅಲ್ಲಿಲ್ಲ. ಮುಂದಿನ ಕಂತುಗಳಲ್ಲಿ ಅವನು ತಪ್ಪಾಯಿತು ಎಂದು ಹೇಳುವುದೂ ಇಲ್ಲ. ಹೇಳಲು ಅವನು ತಪ್ಪೇ ಮಾಡಿಲ್ಲ. ನಾನು ಬೇರೆ ಯಾವುದೋ ಕಂತು ನೋಡಿದೆನೋ, ಅಥವಾ...

ಒಂದಕ್ಕೆ ಮಾತ್ರ ಸಾಕ್ಷಿ ಇದೆ. ಮುಂದಿನ ವರ್ಷ ನಾನು ಊರಿಗೆ ಹೋದಾಗ ಆ ಮನೆಯ ಗೂಟದಲ್ಲಿ ಒಂದು ಎಮ್ಮೆ ಇತ್ತು. ಕಂಬಕ್ಕೆ ಕಾಕು ಹಸಿ ಬಟ್ಟೆ ಒಣಹಾಕಿದ್ದಳು. ‘ಪಾಪ, ಎಂಟ ವರ್ಷ ದುಡದೈತಿ. ಈಗ ಪೆನ್ಷನ್’ ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಆ ಎಮ್ಮೆಯನ್ನು ನನ್ನ ತಮ್ಮನೂ ನೋಡಿದ್ದಾನೆ.

ಕಾಕು ಹೋದ ವರ್ಷ ತೀರಿಕೊಂಡಳು. ಸುದ್ದಿ ತಿಳಿದರೂ ಮಣ್ಣಿಗೆ ಹೋಗಲಾಗಲಿಲ್ಲ; ಹದಿನೈದು ದಿನ ಬಿಟ್ಟು ಹೋದೆ. ಕಾಕಾ ಪಡಸಾಲೆಯಲ್ಲಿ ಕೂತಿದ್ದ. ಚಹಾ ಅವನೇ ಮಾಡಿ ತಂದ. ಮೇಲೆ ಕೆನೆ ತೇಲುತ್ತಿತ್ತು. ಇಷ್ಟು ವರ್ಷ ಮನಸ್ಸಿನಲ್ಲಿದ್ದದ್ದನ್ನೇ ಹೇಳಿದೆ: ಆವಾಗ ಕಾಕುವಿನ ತಪ್ಪನ್ನು ಎಲ್ಲರ ಮುಂದೆ ತಿದ್ದಬಾರದಿತ್ತು, ಹಿಂದಿ ಬಾರದವಳನ್ನು ನೋಯಿಸಿದೆ ಎಂದು.

ಕಾಕಾ ನನ್ನ ಮುಖ ನೋಡಿದ. ‘ಹಿಂದಿ ಬಾರದಾಕಿ?’ ಎಂದ. ‘ಆಕಿ ಮಿರಜದಾಗ ಹಿಂದಿ ಪರೀಕ್ಷಾ ಕೊಟ್ಟು ಸಾಲಿಗೇ ಪಹಿಲಾ ಬಂದಾಕಿ. ಲಗ್ನದಾಗ ಅವರಪ್ಪ ನನಗ ಸರ್ಟಿಫಿಕೇಟ ತೋರಿಸಿದ್ದ. ಆಕಿಗೆ ನೆಳ್ಳು ಗೊತ್ತಿರಲಿಲ್ಲೇನೋ ತಮ್ಮಾ?’

ಅಂದರೆ ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತು ಎಂಬುದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಒಬ್ಬಳು ನೆರಳನ್ನು ಕೆನೆ ಮಾಡಿದಳು. ಗೊತ್ತಿದ್ದೂ ಒಬ್ಬ ಹೌದು, ಕೆನೆಯೇ ಎಂದ. ಆ ಶೆಡ್ಡಿನಲ್ಲಿ ಏನೂ ಗೊತ್ತಿಲ್ಲದೆ ಕೂತಿದ್ದವನು, ಕೈಯಲ್ಲಿ ಪುಸ್ತಕವಿದ್ದ ನಾನೊಬ್ಬನೇ. ಟ್ರ್ಯಾಕ್ಟರುಗಳ ಹಿಂದೆ, ಸ್ಟುಡಿಯೋಗಳ ಗೋಡೆಯ ಮೇಲೆ ಇದ್ದ ಆ ಜೋಡಿಗಾಗಿ ನಮ್ಮ ಸೀಮೆಯೆಲ್ಲ ಬೆರಗಾಗಿತ್ತಲ್ಲ... ನನ್ನ ಬೆರಗು ಅಂದಿನಿಂದ ಈ ಜೋಡಿಯ ಕಡೆಗೆ ತಿರುಗಿದೆ. ಇನ್ನೂ ಮುಗಿದಿಲ್ಲ.

ಹೊರಡಲು ಎದ್ದೆ. ಕಾಕಾನೂ ಎದ್ದ. ಬಾಗಿಲವರೆಗೆ ಬಂದು, ಕಂಬಕ್ಕೆ ಕೈ ಊರಿ ನಿಂತು, ನನ್ನನ್ನಲ್ಲ, ಅದನ್ನು ನೋಡಿ ಹೇಳಿದ: ‘ಕಂಬಪ್ಪಾ, ಎದುರುಮನಿ ತಮ್ಮ ಹೊಂಟಾನ ಅಂತ ಹೇಳು ಆಕಿಗೆ.’

ಇದನ್ನು ಕೇಳಿದವನೂ ನಾನೊಬ್ಬನೇ. ಆದರೆ ಇದನ್ನು ನಾನು ಅನುಮಾನಿಸುವುದಿಲ್ಲ.

ಪೊಟ್ಟಣ ಈಗ ಮೇಜಿನ ಮೇಲಿದೆ. ಗಂಧಕದ ವಾಸನೆ ಕಡಿಮೆಯಾಗುತ್ತ ಬಂದಿದೆ. ಇನ್ನೆರಡು ದಿನಕ್ಕೆ ಇರುವುದಿಲ್ಲ. ಈ ಸಲದ ದ್ರಾಕ್ಷಿಯನ್ನು ಕಾಕಾನೇ ಕೂತು ಆರಿಸಿರಬೇಕು. ಎಪ್ಪತ್ತರ ಹತ್ತಿರದ ಕಣ್ಣು, ಜಾಳಿಗೆ ಹೊಲಿದ ದಪ್ಪ ಬೆರಳು. ತಟ್ಟೆಗೆ ಸುರಿದುಕೊಂಡು ಒಂದೊಂದೇ ಕಡ್ಡಿ ಕೀಳುತ್ತ ಕೂತಿದ್ದೇನೆ. ಹೀಗೆ ಕೀಳುವಾಗ ಬಾಯಿ ಖಾಲಿ ಇರಬಾರದು, ಏನಾದರೊಂದು ಹೇಳುತ್ತಿರಬೇಕು ಎಂದು ಕಾಕು ಅನ್ನುತ್ತಿದ್ದಳು. ಹೇಳೋಣವೆಂದರೆ, ಮುಂದೆ ಏನಾಯಿತು ಎಂದು ಕೇಳಿ ಬರೆದಿಟ್ಟುಕೊಳ್ಳುವುದನ್ನಷ್ಟೇ ನಾನು ಕಲಿತದ್ದು.

ಬಹಳ ಕಡ್ಡಿ ಉಳಿದಿವೆ, ಕಾಕು.